ಚಿಕ್ಕಪ್ಪನ ಪತ್ರಿಕೆಯಲ್ಲಿ ಒಂದೇ ಒಂದು ತಪ್ಪು

ನಮ್ಮ ಚಿಕ್ಕಪ್ಪ ಒಂದು ಪತ್ರಿಕೆಯ ಸಂಪಾದಕರಾಗಿದ್ದರು ಎಂದರೆ ನೀವು ನಂಬಲೇಬೇಕು ಎಂಬ ಒತ್ತಾಯವೇನಿಲ್ಲ. ನಮ್ಮ ಚಿಕ್ಕಮ್ಮನೇ ಕೊನೆಯವರೆಗೂ ನಂಬಲಿಲ್ಲ! ಆದರೆ ಆ ಪತ್ರಿಕೆಯ ಬಗ್ಗೆ ನಾನು ಪ್ರಮಾಣ ಮಾಡಿ ಹೇಳಬಲ್ಲ ಸಂಗತಿ ಒಂದಿದೆ. ಮೊದಲ ಎರಡು ವರ್ಷ ಅದರ ಪ್ರತಿ ಸಂಚಿಕೆಯಲ್ಲೂ ಒಂದು ತಪ್ಪು ಇರುತ್ತಿತ್ತು. ಎರಡಲ್ಲ, ಮೂರಲ್ಲ, ಸೊನ್ನೆಯಂತೂ ಅಲ್ಲವೇ ಅಲ್ಲ. ಒಂದೇ ಒಂದು. ಟೈಪು ಮಾಡುತ್ತಿದ್ದವಳು ನಾನು. ಹಾಗಾಗಿ ಬೈಸಿಕೊಳ್ಳುತ್ತಿದ್ದವಳೂ ನಾನೇ.

ಚಿಕ್ಕಪ್ಪ ನಂಜನಗೂಡಿನಿಂದ ಟಿ. ನರಸೀಪುರಕ್ಕೆ, ಅಲ್ಲಿಂದ ಸೋಸಲೆ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರಾದ ದಿನ ಟಿಕೆಟ್ಟಿನ ಪೆಟ್ಟಿಗೆ, ಚರ್ಮದ ಚೀಲ ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಬಂದರು. ಆದರೆ ಸೀಟಿ ಮಾತ್ರ ಕೊರಳಲ್ಲೇ ಉಳಿಯಿತು. ಅದು ಸ್ವಂತದ್ದಂತೆ! ಅಂದಿನಿಂದ ಅವರ ಮನೆಯಲ್ಲಿ ಊಟಕ್ಕೆ ಕೂತರೆ "ಇನ್ನೊಂದು ಮುದ್ದೆ ಅತ್ತಿಸು" ಎನ್ನುವರು. ಇಬ್ಬರು ಕೂರುವ ಬೆಂಚಿನಲ್ಲಿ ಮೂವರು ನೆಂಟರನ್ನು ಕೂರಿಸಿ, ನಾಲ್ಕನೆಯವರು ಬಂದರೆ "ವಸಿ ಸರೀರಿ, ಸರೀರಿ, ಜಾಗ ಅದೆ" ಎನ್ನುವರು. ನೆಂಟರು ಹೊರಟು ನಿಂತರೆ ಬಾಗಿಲಲ್ಲಿ ಒಂದು ಸೀಟಿ. ಅದು ಬೀಳುವ ತನಕ ಯಾರೂ ಹೊಸಿಲು ದಾಟುವಂತಿರಲಿಲ್ಲ.

ಇಂಥವರಿಗೆ ಪತ್ರಿಕೆಯ ಹುಚ್ಚು ಹತ್ತಿದ್ದು ಹೇಗೆ? ಹೇಳುತ್ತೇನೆ. ಬಸ್ಸಿನಲ್ಲಿದ್ದಷ್ಟು ಕಾಲ ನಮ್ಮ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸುತ್ತಿದ್ದವರು ಅವರೇ. ತಲಕಾಡಿನವರ ಹಸು ಕರು ಹಾಕಿದ್ದು ಸಂಜೆಯೊಳಗೆ ನಂಜನಗೂಡಿಗೆ ಗೊತ್ತು. ನರಸೀಪುರದಲ್ಲಿ ಹೆಣ್ಣು ನೋಡಿ ಬಂದವರು ಇನ್ನೂ ಮನೆ ಸೇರಿರುವುದಿಲ್ಲ, ಹೆಣ್ಣಿನ ಎತ್ತರ ಎಷ್ಟು, ಕೊಟ್ಟ ತಿಂಡಿ ಯಾವುದು ಎಂಬುದು ಆಗಲೇ ಎಲ್ಲರಿಗೂ ತಿಳಿದಿರುತ್ತಿತ್ತು. ರಿಟೈರಾದ ಮೇಲೆ ಆ ಸುದ್ದಿಯೆಲ್ಲ ಹೊಟ್ಟೆಯಲ್ಲೇ ಉಳಿದು ಅವರಿಗೆ ಒಂದು ಥರ ಅಜೀರ್ಣವಾಯಿತು.

ಆಗ ನಂಜನಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜಾಬ್ ಟೈಪಿಂಗ್ ಅಂಗಡಿ ಇತ್ತು. ಹೊಸ ಶತಮಾನಕ್ಕೆ ಇನ್ನೂ ಒಂದೆರಡು ವರ್ಷವಿದ್ದ ಕಾಲ. ಟೈಪ್‌ರೈಟರನ್ನು ಮೂಲೆಗೆ ಸರಿಸಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದನ್ನು ತಂದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೂರಿಸಿದ್ದೆ. ಅದರಲ್ಲಿದ್ದದ್ದು ಕಾಗದ ಪತ್ರ ಟೈಪು ಮಾಡುವ ವರ್ಡ್ ಪ್ರೋಗ್ರಾಂ ಒಂದೇ. ಜೊತೆಗೆ ಕರಕರ ಎಂದು ಇಡೀ ಬೀದಿಗೆ ಕೇಳುವಂತೆ ಕೆಲಸ ಮಾಡುವ ಪ್ರಿಂಟರು. ಒಂದು ಬೆಳಿಗ್ಗೆ ಚಿಕ್ಕಪ್ಪ ಬಂದು ಎರಡು ಗೆರೆಯ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು.

"ಇದ್ನ ಪೇಪರ್ ಮಾಡ್ಕೊಡಮ್ಮಿ."

"ಪೇಪರಲ್ಲೇ ಟೈಪ್ ಮಾಡಿ ಕೊಡ್ತೀನಿ ಚಿಕ್ಕಪ್ಪ, ಇನ್ನೇನು ಬಟ್ಟೆ ಮೇಲಾ?"

"ಆ ಪೇಪರಲ್ಲ ಕಣಮ್ಮಿ, ಓದೋ ಪೇಪರು! ನಮ್ಮನೆ ಜನಕ್ಕೆಲ್ಲ ತಿಂಗ್ಳಿಗೊಂದು. ಒಂದೇ ಆಳೆ, ಮಧ್ಯಕ್ಕೆ ಮಡಚುದ್ರೆ ನಾಕು ಪುಟ. ಕರ್ಚು ಕಮ್ಮಿ ಇರ್ಬೇಕು. ಐವತ್ತು ಕಾಪಿ ಸಾಕು."

"ಐವತ್ತೇ ಯಾಕೆ?"

"ಬಸ್ಸಲ್ಲಿ ಸೀಟು ಐವತ್ತೇ ಅಲ್ವಾ?" ಎಂದರು. ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಪತ್ರಿಕೆಗೆ 'ಮನೆಮಂದಿ' ಎಂದು ಹೆಸರಿಟ್ಟರು. ಹುಣ್ಣಿಮೆಗೆ ದೇವಸ್ಥಾನಕ್ಕೆಂದು ನೆಂಟರು ಹೇಗೂ ನಂಜನಗೂಡಿಗೆ ಬರುತ್ತಾರೆ, ಅವರ ಕೈಗೇ ಕೊಟ್ಟರೆ ಅಂಚೆ ಖರ್ಚೂ ಇಲ್ಲ ಎಂದು ಹುಣ್ಣಿಮೆಗೊಂದು ಸಂಚಿಕೆ ಎಂದಾಯಿತು. ಬಾರದವರಿಗೆ ಹಳೆಯ ಶಿಷ್ಯರಾದ ಕಂಡಕ್ಟರುಗಳು ತಲುಪಿಸುತ್ತಿದ್ದರು.

ಮೊದಲ ಸಂಚಿಕೆಯ ಪ್ರಸವ ವೇದನೆಯನ್ನು ಅನುಭವಿಸಿದವಳು ನಾನು. ಚಿಕ್ಕಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಯನ್ನು ಬಸ್ಸಿನ ಒಳಭಾಗವನ್ನು ನೋಡುವಂತೆ ನೋಡುತ್ತಿದ್ದರು.

"ಏನಮ್ಮಿ, ಸುತ್ತ ಇಷ್ಟೊಂದು ಜಾಗ ಕಾಲಿ ಬುಟ್ಟಿದ್ದೀಯ?"

"ಅದು ಮಾರ್ಜಿನ್ನು. ಬಿಡಲೇಬೇಕು."

"ಯಾರ್ಗೋಸ್ಕರ? ಒಂದೊಂದು ಕಡೆ ನಾಕ್ ನಾಕ್ ಜನ ಫುಟ್‌ಬೋರ್ಡಲ್ಲಿ ನಿಲ್ಬೋದು ಅಲ್ಲಿ! ಅತ್ತಿಸು, ಅತ್ತಿಸು!"

ಹತ್ತಿಸಿದೆ. ಪ್ರಿಂಟೂ ಆಯಿತು. ಪಕ್ಕದ ಜೆರಾಕ್ಸ್ ಅಂಗಡಿಗೆ ಕೊಟ್ಟರೆ ಆ ಯಂತ್ರ ನಾಲ್ಕು ಅಂಚನ್ನೂ ನುಂಗಿ ನಡುವಿನದನ್ನಷ್ಟೇ ಉಗುಳಿತು. ಅಂಚಿನಲ್ಲಿದ್ದ ನೆಂಟರೆಲ್ಲ ಅರ್ಧಂಬರ್ಧ! ಚಿಕ್ಕಪ್ಪ ಪ್ರತಿಯನ್ನು ಕೈಯಲ್ಲಿ ಹಿಡಿದು ಲೊಚಗುಟ್ಟಿದರು. "ಫುಟ್‌ಬೋರ್ಡಲ್ಲಿದ್ದೋರು ಬಿದ್ದೋದ್ರಲ್ಲಮ್ಮಿ, ಪಾಪ." ಅಲ್ಲಿಂದ ಮುಂದೆ ಮಾರ್ಜಿನ್ನಿನ ತಂಟೆಗೆ ಬರಲಿಲ್ಲ.

ಕಾಲಂಗಳ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಪುಟವನ್ನು ಸಮನಾಗಿ ಎರಡು ಭಾಗ ಮಾಡಿದ್ದೆ. ಒಪ್ಪಲಿಲ್ಲ. ಒಂದು ಕಡೆ ಅಗಲ, ಒಂದು ಕಡೆ ಕಿರಿದು ಇರಬೇಕಂತೆ. ಮೂರು ಸೀಟಿನ ಕಡೆ, ಎರಡು ಸೀಟಿನ ಕಡೆ! ಮಧ್ಯೆ ಓಡಾಡಲು ದಾರಿ. ಮದುವೆ, ನಾಮಕರಣದಂಥ ದೊಡ್ಡ ಸುದ್ದಿಗಳು ಮೂರು ಸೀಟಿನ ಕಡೆ ಆರಾಮಾಗಿ ಕೂರುವುವು. ಯಾರಿಗೋ ನೆಗಡಿಯಾದದ್ದು, ಯಾರದೋ ಕೊಡೆ ಕಳೆದದ್ದು ಎರಡು ಸೀಟಿನ ಕಡೆ. ಮೊದಲ ಪುಟದ ಮೇಲ್ಭಾಗ ಪೂರ್ತಿ ಹೆಂಗಸರ ಸುದ್ದಿ. ಕೇಳಿದರೆ "ಮುಂದ್ಗಡೆ ಸೀಟು ಎಂಗುಸ್ರಿಗೆ ಕಣಮ್ಮಿ, ಬರ್ದಿರಕಿಲ್ವಾ?" ಎಂದರು. ಹೆಂಗಸರ ಪರವಾಗಿ ಇಷ್ಟು ಗಟ್ಟಿಯಾಗಿ ನಿಂತ ಸಂಪಾದಕರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಇನ್ನು ಹಾಳೆ ಮಡಚುವ ಲೆಕ್ಕ. ಹಾಳೆಯ ಒಂದು ಮೈಗೆ ನಾಲ್ಕನೇ ಪುಟ ಮತ್ತು ಒಂದನೇ ಪುಟ, ಇನ್ನೊಂದು ಮೈಗೆ ಎರಡು ಮತ್ತು ಮೂರು ಬರಬೇಕು. ಆಗಷ್ಟೇ ಮಡಚಿದಾಗ ಸರಿಯಾಗುತ್ತದೆ. ನನಗೆ ಇದು ಗೊತ್ತಾದದ್ದು ಐವತ್ತು ಪ್ರತಿ ಜೆರಾಕ್ಸ್ ಆದ ಮೇಲೆ! ಒಂದರ ಮಗ್ಗುಲು ತಿರುಗಿಸಿದರೆ ಮೂರು ಬರುತ್ತಿದೆ, ಎರಡು ಎಲ್ಲೋ ಬೆನ್ನ ಹಿಂದಿದೆ. ನಾನು ಅಳುವುದೊಂದು ಬಾಕಿ. ಹಾಳೆ ಬಿಸಾಡಿ ಮತ್ತೆ ಮಾಡಿಸಲು ಚಿಕ್ಕಪ್ಪ ಸುತರಾಂ ಒಪ್ಪಲಿಲ್ಲ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಐವತ್ತು ಪ್ರತಿಯ ಕೆಳಗೂ ತಾವೇ ಬರೆದರು: "ಓದುಗರು ಒಂದನೇ ಪುಟದಲ್ಲಿ ಇಳಿದು ಹಾಳೆ ತಿರುಗಿಸಿ ಎರಡನೇ ಪುಟ ಹತ್ತುವುದು. ಮೂರಕ್ಕೆ ಬದಲಿ ಬಸ್ಸು."

ನಂಬಿದರೆ ನಂಬಿ, ಒಬ್ಬ ನೆಂಟರೂ ದಾರಿ ತಪ್ಪಲಿಲ್ಲ.

ಚಿತ್ರಗಳ ಕಥೆ ಹೇಳದಿದ್ದರೆ ಚಿಕ್ಕಪ್ಪನಿಗೆ ಅನ್ಯಾಯ ಮಾಡಿದಂತೆ. ಫೋಟೋ ಹಾಕಲು ಸ್ಕ್ಯಾನರ್ ಎಲ್ಲಿಂದ ಬರಬೇಕು? ಕಂಪ್ಯೂಟರಿನೊಳಗೇ ಪುಕ್ಕಟೆ ಬಂದಿದ್ದ ಬೊಂಬೆಗಳಿದ್ದವು: ಟೈ ಕಟ್ಟಿಕೊಂಡು ಕೈ ಕುಲುಕುವ ಇಬ್ಬರು, ಮೇಣದ ಬತ್ತಿ ಹಚ್ಚಿದ ಕೇಕು, ಒಂದು ಟೆಲಿಫೋನು, ಒಂದು ಸಿಂಹ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನವೇ ಅವರದು? ತಲಕಾಡಿನವರ ಹಸು ಎರಡನೇ ಬಾರಿ ಕರು ಹಾಕಿದ ಸುದ್ದಿ ಬಂತು. ಹಸುವಿನ ಬೊಂಬೆ ಇಲ್ಲ ಎಂದೆ.

"ಸಿಂಹ ಅದಲ್ಲ, ಆಕು."

"ಹಸುಗೆ ಸಿಂಹನಾ?"

"ನಾಕು ಕಾಲು ಅದಲ್ವಾ? ಸಾಕು ಬುಡು."

ಮುಂದಿನ ಹುಣ್ಣಿಮೆಗೆ ಬಂದ ತಲಕಾಡಿನವರು ಅಂಗಡಿಯ ಬಾಗಿಲಲ್ಲೇ ನಿಂತು, "ನಮ್ಮೂರ್ನೋರೆಲ್ಲ ನಮ್ಮನೆ ಆಲು ಕುಡಿಯಕೆ ಎದ್ರುತಾವ್ರೆ ಕಣಣ್ಣ" ಎಂದು ಚಿಕ್ಕಪ್ಪನನ್ನು ತರಾಟೆಗೆ ತೆಗೆದುಕೊಂಡರು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನಮ್ಮ ಸೋಸಲೆ ಅತ್ತೆಯನ್ನು ನಿಮಗೆ ಪರಿಚಯಿಸಬೇಕು. ಅವರು ಚಿಕ್ಕಪ್ಪನ ಅಕ್ಕ. ನಡುವಿನವರಾದ ನಮ್ಮಪ್ಪ ಬೇಗ ತೀರಿಕೊಂಡಿದ್ದರಿಂದ ಒಡಹುಟ್ಟಿದವರಲ್ಲಿ ಉಳಿದಿದ್ದವರು ಇವರಿಬ್ಬರೇ. ಆ ಇಬ್ಬರೂ ಮಾತು ಬಿಟ್ಟಿದ್ದರು!

ಕಾರಣ ಒಂದು ಲಗ್ನಪತ್ರಿಕೆ. ಚಿಕ್ಕಪ್ಪನ ಮಗಳ ಮದುವೆಗೆ ನರಸೀಪುರದ ಛತ್ರ ಗೊತ್ತಾಗಿ, ಲಗ್ನಪತ್ರಿಕೆ ಅಚ್ಚಾಗಿ ಬಂತು. ಕೆಳಗಡೆ 'ತಮ್ಮ ಸುಖಾಗಮನವನ್ನು ಬಯಸುವವರು' ಎಂದು ಉದ್ದದ ಪಟ್ಟಿ. ಅದರಲ್ಲಿ ಬೀಗರ ಬೀಗರೂ ಇದ್ದಾರೆ, ಹೆಸರು ಕೇಳಿದರೆ ಯಾರೆಂದು ಯೋಚಿಸಬೇಕಾದವರೂ ಇದ್ದಾರೆ. ಸೋಸಲೆ ಅತ್ತೆಯ ಹೆಸರಿಲ್ಲ! ತಾಯಿ ಇಲ್ಲದ ಮನೆಯಲ್ಲಿ ಇವರನ್ನು ಎತ್ತಿ ಆಡಿಸಿದ ಅಕ್ಕನ ಹೆಸರು. ಛತ್ರದಲ್ಲಿ ಎಲ್ಲರೆದುರು ಅತ್ತೆ ಕೇಳಿಯೇ ಬಿಟ್ಟರು. ಚಿಕ್ಕಪ್ಪ ಕ್ಷಮಿಸಕ್ಕ ಎಂದಿದ್ದರೆ ಮುಗಿಯುತ್ತಿತ್ತು. ಗಾಬರಿಯಲ್ಲಿ ಕಂಡಕ್ಟರ್ ಬುದ್ಧಿ ಬಾಯಿಗೆ ಬಂತು. "ಅಲ್ಲಕ್ಕ, ನೀನು ಮನೇವ್ಳು. ಪಾಸಿರೋರ್ಗೆ ಯಾರಾದ್ರೂ ಟಿಕೆಟ್ ಅರೀತಾರಾ?"

ಅವರ ಮಟ್ಟಿಗೆ ಅದು ಪರಮ ಪ್ರೀತಿಯ ಮಾತು. ಅತ್ತೆಯ ಕಿವಿಗೆ ಹಾಗೆ ಕೇಳಲಿಲ್ಲ. ಧಾರೆ ಮುಗಿದದ್ದೇ, ಊಟಕ್ಕೂ ನಿಲ್ಲದೆ, "ನನ್ನ ಒಸ್ಲು ತುಳೀಬ್ಯಾಡ" ಎಂದು ಹೇಳಿ ಹೊರಟುಹೋದರು.

ಆದರೆ ಸೋಸಲೆಗೆ ಇದ್ದದ್ದು ಇವರದೇ ಬಸ್ಸು! ಅತ್ತೆ ನರಸೀಪುರದ ಸಂತೆಗೆ ಬರಲೇಬೇಕು, ಹೋಗಲೇಬೇಕು. ಆ ದೃಶ್ಯವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ, ಪಕ್ಕದಲ್ಲಿ ಕೂತ ಯಾರೋ ಹೆಂಗಸಿಗೆ, "ಅವ್ರ್‌ಗೆ ಏಳವ್ವ, ಒಂದು ಸೋಸಲೆ" ಎನ್ನುವರು. ಚಿಕ್ಕಪ್ಪ ಬಸ್ಸಿನ ಸೂರು ನೋಡುತ್ತ, "ಚಿಲ್ರೆ ಅದಾ ಕೇಳವ್ವ" ಎನ್ನುವರು. ಒಂದು ಸಲ ಆ ಹೆಂಗಸು ರೇಗಿ, "ನಿಮ್ಮಿಬ್ರ ಮಧ್ಯೆ ನಾನೇನು ಟೆಲಿಫೋನಾ?" ಎಂದಿದ್ದಳು. ಚಿಕ್ಕಪ್ಪ ರಿಟೈರಾದ ಮೇಲೆ ಆ ಟೆಲಿಫೋನೂ ಕಟ್ಟಾಯಿತು.

ಮೊದಲ ಸಂಚಿಕೆ ಹೊರಟಾಗ ಚಿಕ್ಕಪ್ಪ ಒಂದು ಪ್ರತಿಯನ್ನು ಸೋಸಲೆ ಕಡೆಯ ಕಂಡಕ್ಟರ್ ಕೈಗೆ ಕೊಟ್ಟು, "ಅಕ್ಕನ ಮನೆ ಜಗಲಿ ಮ್ಯಾಲೆ ಇಟ್ಬುಟ್ಟು ಬಾರ್ಲಾ. ಯಾರ್ ಕೊಟ್ರು ಅಂದ್ರೆ ಗೊತ್ತಿಲ್ಲ ಅನ್ನು" ಎಂದರು. ಪತ್ರಿಕೆಯ ತಲೆಯ ಮೇಲೆ ಇವರ ಹೆಸರೇ ಇದೆ! ಇರಲಿ. ವಾರದೊಳಗೆ ನನ್ನ ಅಂಗಡಿಯ ವಿಳಾಸಕ್ಕೆ ಒಂದು ಪೋಸ್ಟ್ ಕಾರ್ಡ್ ಬಂತು. ಆ ಕಾಲಕ್ಕೇ ಎಂಟನೇ ಕ್ಲಾಸು ಓದಿದ್ದ ಅತ್ತೆಯ ದುಂಡು ಅಕ್ಷರ.

"ಮಾನ್ಯ ಸಂಪಾದಕರೇ, ತಮ್ಮ ಪತ್ರಿಕೆಯ 'ಹಳೆಯ ನೆನಪು' ಭಾಗದಲ್ಲಿ ತಮ್ಮ ಮನೆಯ ಎಮ್ಮೆಯ ಹೆಸರು ಗೌರಿ ಎಂದಿದೆ. ಗೌರಿ ಎಂಬುದು ಹಸು. ಎಮ್ಮೆಯ ಹೆಸರು ಚೆಲುವಿ. ಮುಂದಿನ ಸಂಚಿಕೆಯಲ್ಲಿ ತಿದ್ದಿಕೊಳ್ಳತಕ್ಕದ್ದು. ಇಂತಿ, ಓದುಗರೊಬ್ಬರು, ಸೋಸಲೆ."

ಚಿಕ್ಕಪ್ಪ ಕಾರ್ಡನ್ನು ನಿಂತೇ ಓದಿದರು. ಕೂತು ಇನ್ನೊಮ್ಮೆ ಓದಿದರು. ಆಮೇಲೆ ಅಂಗಡಿಯೊಳಗೇ ಜೋರಾಗಿ ಸೀಟಿ ಊದಿದರು. ಹೊರಗೆ ನಿಂತಿದ್ದ ಯಾವುದೋ ಆಟೋದವನು ಬೆಚ್ಚಿ ಗಾಡಿ ಮುಂದಕ್ಕೆ ತೆಗೆದ!

"ಮಾತು ಬಿಟ್ಟೋರು ಕಾರ್ಡ್ ಬರೆದವ್ರಲ್ಲ ಚಿಕ್ಕಪ್ಪ?" ಎಂದೆ.

"ಅವ್ಳು ತಮ್ಮನ್ ತಾವ ಮಾತು ಬುಟ್ಟಿರದು ಕಣಮ್ಮಿ, ಸಂಪಾದಕ್ರ ತಾವ ಅಲ್ವಲ್ಲ!"

ಅಂದಿನಿಂದ ಕೊನೆಯ ಪುಟದಲ್ಲಿ, ಎರಡು ಸೀಟಿನ ಕಡೆ, 'ತಿದ್ದುಪಡಿ' ಎಂಬ ಚೌಕಟ್ಟಿನ ಜಾಗ ಖಾಯಂ ಆಯಿತು. ಪ್ರತಿ ಹುಣ್ಣಿಮೆಯ ಮಾರನೇ ವಾರ ಕಾರ್ಡು ತಪ್ಪದೆ ಬರತೊಡಗಿತು. ಬಾವಿ ಮನೆಯ ಹಿಂದಿತ್ತು ಎಂದು ಚಿಕ್ಕಪ್ಪ ಬರೆದರೆ, "ಬಾವಿ ಇದ್ದದ್ದು ಮನೆಯ ಮುಂದೆ. ಹಿಂದೆ ಇದ್ದದ್ದು ತಿಪ್ಪೆ. ಸಂಪಾದಕರು ತಿಪ್ಪೆಯಲ್ಲಿ ನೀರು ಸೇದುತ್ತಿದ್ದರೋ ಏನೋ ತಿಳಿಯದು" ಎಂಬ ಕಾರ್ಡು. ಚಿಕ್ಕಂದಿನಲ್ಲಿ ಮುಡುಕುತೊರೆ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿದೆ ಎಂದು ಬರೆದರೆ, "ಅರ್ಧ ಬೆಟ್ಟದಿಂದ ಮೇಲಕ್ಕೆ ಸಂಪಾದಕರನ್ನು ಸೊಂಟದ ಮೇಲೆ ಹೊತ್ತವರು ಅವರ ಅಕ್ಕ. ಸಂಪಾದಕರು ದಾರಿಯುದ್ದಕ್ಕೂ ಕಡಲೆಪುರಿ ತಿನ್ನುತ್ತಿದ್ದರು" ಎಂದು ಬಂತು.

ನೆಂಟರಿಗೆಲ್ಲ ಪತ್ರಿಕೆಗಿಂತ ತಿದ್ದುಪಡಿಯೇ ಹೆಚ್ಚು ರುಚಿಸಿತು. ಹಾಳೆ ಕೈಗೆ ಬಂದೊಡನೆ ಕೊನೆಯ ಪುಟ ತೆರೆದು ನಗುವರು. ನಗು ಬಾರದೆ ಇದ್ದವಳು ನಾನೊಬ್ಬಳೇ. ಯಾಕೆಂದರೆ ಬಾವಿಯ ಕಾರ್ಡಿನ ಕೊನೆಯಲ್ಲಿ ಒಂದು ಸಾಲಿತ್ತು: "ತಮ್ಮ ಬೆರಳಚ್ಚುಗಾರ್ತಿಗೆ ಕನ್ನಡಕದ ಅವಶ್ಯಕತೆ ಇರುವಂತಿದೆ." ಬೆರಳಚ್ಚುಗಾರ್ತಿ ತನ್ನ ಸ್ವಂತ ಸೋದರ ಸೊಸೆ ಎಂದು ಅತ್ತೆಗೆ ಚೆನ್ನಾಗಿಯೇ ಗೊತ್ತು! ಟೈಪಿಂಗಿನಲ್ಲಿ ಸೀನಿಯರ್ ಗ್ರೇಡ್ ಪಾಸಾದವಳು ನಾನು. ತಾಲ್ಲೂಕು ಆಫೀಸಿನ ಕಾಗದಗಳನ್ನು ಒಂದು ಚುಕ್ಕೆ ತಪ್ಪದೆ ಹೊಡೆದುಕೊಟ್ಟವಳು. ನನ್ನ ಮೇಲೇ ಅಪವಾದವೇ? ಅವತ್ತಿನಿಂದ ಸಾಕ್ಷಿಗಿರಲಿ ಎಂದು ಚಿಕ್ಕಪ್ಪನ ಕೈಬರಹದ ಹಾಳೆಗಳನ್ನೆಲ್ಲ, ಹಳೆಯವೂ ಸೇರಿ, ಒಂದು ಫೈಲಿಗೆ ಹಾಕಿಟ್ಟೆ.

ಇದು ಎರಡು ವರ್ಷ ನಡೆಯಿತು. ಒಂದು ಮಧ್ಯಾಹ್ನ ಕೆಲಸವಿಲ್ಲದೆ ಫೈಲು ಬಿಚ್ಚಿ ಕೂತವಳಿಗೆ ಒಂದು ವಿಚಿತ್ರ ಕಂಡಿತು. ಬಾವಿಯ ಲೇಖನದಲ್ಲಿ ಚಿಕ್ಕಪ್ಪ ಮೊದಲು 'ಮನೆಯ ಮುಂದೆ' ಎಂದೇ ಬರೆದಿದ್ದಾರೆ. ಅದನ್ನು ಪೆನ್ಸಿಲ್‌ನಲ್ಲಿ ಹೊಡೆದು ಮೇಲೆ 'ಹಿಂದೆ' ಎಂದು ಮಾಡಿದ್ದಾರೆ. ಮುಡುಕುತೊರೆಯ ಹಾಳೆ ತೆಗೆದೆ. 'ಅಕ್ಕ ಸೊಂಟದ ಮೇಲೆ ಹೊತ್ತುಕೊಂಡು' ಎಂಬುದಕ್ಕೆ ಕಾಟು. ಒಂದೊಂದೇ ತಿರುವಿದೆ. ಪ್ರತಿಯೊಂದರಲ್ಲೂ ಮೊದಲು ಸರಿ, ಆಮೇಲೆ ತಪ್ಪು. ಎಮ್ಮೆಯ ತಪ್ಪೊಂದೇ ನಿಜವಾದ ತಪ್ಪು!

ಚಿಕ್ಕಪ್ಪ ಬಂದ ಕೂಡಲೇ ಫೈಲನ್ನು ಅವರ ಮುಂದೆ ಕುಕ್ಕಿದೆ. "ಏನಿದು? ಎರಡು ವರ್ಷದಿಂದ ನನ್ನ ಮಾನ ಹರಾಜು ಹಾಕ್ತಿದ್ದೀರಲ್ಲ!"

ಅವರು ಕಿವಿಯ ಪೆನ್ಸಿಲ್ ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡರು. ಮುಖ ನೋಡಲಿಲ್ಲ.

"ಸರ್ಯಾಗಿ ಬರುದ್ರೆ ಅವ್ಳು ಯಾಕಮ್ಮಿ ಕಾರ್ಡು ಬರೀತಾಳೆ?"

ನಾನು ಫೈಲನ್ನು ಮುಚ್ಚಿ ಒಳಗಿಟ್ಟೆ. ಮುಂದಿನ ಸಂಚಿಕೆಗೆ ನಾನೇ ಕೇಳಿದೆ, "ಈ ಸಲ ಯಾವ ತಪ್ಪು ಹಾಕೋಣ ಚಿಕ್ಕಪ್ಪ?" ಇಬ್ಬರೂ ಕೂತು ಒಳ್ಳೆಯ ತಪ್ಪೊಂದನ್ನು ಆರಿಸಿದೆವು. ಅದು ತೀರಾ ಸಣ್ಣದಿರಬಾರದು, ಅತ್ತೆಗೆ ಕಾಣದೇ ಹೋದೀತು. ತೀರಾ ದೊಡ್ಡದೂ ಇರಬಾರದು, ಸಿಟ್ಟು ಬಂದೀತು!

ಆ ತಿಂಗಳು ಕಾರ್ಡು ಬರಲಿಲ್ಲ.

ಅಂಚೆಯಲ್ಲಿ ತಡವಾಗಿರಬಹುದು ಎಂದುಕೊಂಡೆವು. ಮುಂದಿನ ಸಂಚಿಕೆಗೆ ಚಿಕ್ಕಪ್ಪ ಎರಡು ತಪ್ಪು ಹಾಕಿಸಿದರು. ಊಹೂಂ. ಅದರ ಮುಂದಿನದಕ್ಕೆ ಐದು! ತಲಕಾಡಿನ ಮರಳಿನಲ್ಲಿ ಚಪ್ಪಲಿ ಕಳೆದುಕೊಂಡವಳು ಅಕ್ಕ ಎಂದರು, ಅಕ್ಕನಿಗೆ ಈಜು ಬರುವುದಿಲ್ಲ ಎಂದರು, ಅಕ್ಕ ಮಾಡುವ ಹುರುಳಿ ಬಸ್ಸಾರಿಗೆ ಉಪ್ಪು ಜಾಸ್ತಿ ಎಂದೂ ಬರೆದರು. ಇಷ್ಟು ಕೆಣಕಿದರೆ ಕಲ್ಲೂ ಮಾತಾಡಬೇಕು. ಸೋಸಲೆಯಿಂದ ಸದ್ದಿಲ್ಲ. ಚಿಕ್ಕಪ್ಪ ದಿನಾ ಬಸ್ ಸ್ಟ್ಯಾಂಡಿನಲ್ಲಿ ನಿಂತು ಆ ಕಡೆಯಿಂದ ಬರುವ ಕಂಡಕ್ಟರುಗಳನ್ನು ವಿಚಾರಿಸತೊಡಗಿದರು. ಒಬ್ಬ ಬಂದು ಹೇಳಿದ, "ಅಕ್ಕಾರು ಮನೇಲಿಲ್ಲ ಸಾ. ಮೈಸೂರು ಆಸ್ಪತ್ರೆಗೆ ಓಗವ್ರಂತೆ. ಏನು ಎತ್ತ ಗೊತ್ತಿಲ್ಲ."

ಅವತ್ತು ಚಿಕ್ಕಪ್ಪ ಬಂದು ಸ್ಟೂಲಿನ ಮೇಲೆ ಕೂತರು. ಕೊರಳಲ್ಲಿ ಸೀಟಿ ಇತ್ತು, ಕೈ ಅದರ ಕಡೆ ಹೋಗಲಿಲ್ಲ.

"ಹೋಗಿ ನೋಡ್ಕೊಂಡು ಬನ್ನಿ ಚಿಕ್ಕಪ್ಪ."

"ಓದ್ರೆ, ಬಾಗ್ಲು ಆಕ್ಕಂಡ್ಬುಟ್ರೆ? ಈಗ ತಿಂಗ್ಳಿಗೊಂದು ಕಾರ್ಡಾರೂ ಬತ್ತಿತ್ತು. ಅದೂ ಓಯ್ತದೆ ಕಣಮ್ಮಿ."

ಹೆದರಿಕೆ ಎಂಬುದು ನಮ್ಮ ಚಿಕ್ಕಪ್ಪನ ಹತ್ತಿರವೂ ಸುಳಿಯಬಲ್ಲದು ಎಂದು ನನಗೆ ಗೊತ್ತಾದದ್ದು ಆವತ್ತೇ. ಕಿಕ್ಕಿರಿದ ಬಸ್ಸಿನಲ್ಲಿ ಕುಡಿದವರನ್ನು ಕೊರಳಪಟ್ಟಿ ಹಿಡಿದು ಇಳಿಸಿದ ಮನುಷ್ಯ, ಒಂದು ಬಾಗಿಲಿಗೆ ಹೆದರಿ ಕೂತಿದ್ದರು. ನನಗೆ ತುಂಬಾ ಸಂಕಟವಾಯಿತು.

ಆಮೇಲೆ ಅವರೇ ಎದ್ದು ನಿಂತು, "ಟೈಪ್ ಮಾಡು" ಎಂದರು. ನೋಟ್‌ಬುಕ್ಕಿಲ್ಲ, ಪೆನ್ಸಿಲ್ಲಿಲ್ಲ. ನಿಂತಲ್ಲೇ ಹೇಳುತ್ತ ಹೋದರು. ಮಗಳ ಲಗ್ನಪತ್ರಿಕೆಯ ಕಥೆ. ಹೆಸರುಗಳನ್ನು ಬರೆಸುವಾಗ ಅಕ್ಕನ ಹೆಸರೇ ಮೊದಲು ಬರಬೇಕಿತ್ತು. ಮನೆಯವಳೇ ತಾನೆ ಎಂಬ ಸದರದಲ್ಲಿ ಮರೆತೆ. ಅಚ್ಚಿಗೆ ಹೋಗುವ ಮುಂಚೆ ಪ್ರೂಫನ್ನು ನಾನೊಬ್ಬನೇ ನೋಡಿದ್ದು, ಬೇರೆ ಯಾರಿಗೂ ತೋರಿಸಲಿಲ್ಲ. ತಪ್ಪು ಪೂರ್ತಿ ನನ್ನದು. ಛತ್ರದಲ್ಲಿ ಆಡಿದ ಮಾತು ಇನ್ನೂ ದೊಡ್ಡ ತಪ್ಪು. ಇಷ್ಟನ್ನು ಮೊದಲ ಪುಟದ ಮೇಲ್ಭಾಗದಲ್ಲಿ, ಹೆಂಗಸರ ಸೀಟಿನಲ್ಲಿ ಹಾಕಲು ಹೇಳಿದರು. ಸಿಂಹ ಬೇಡ, ಟೆಲಿಫೋನು ಬೇಡ, ಏನೂ ಬೇಡ ಎಂದರು.

ಮೂರು ಸಲ ಪ್ರೂಫ್ ನೋಡಿದೆವು. "ಈ ಸಲ ಒಂದೂ ತಪ್ಪಿಲ್ಲ ಚಿಕ್ಕಪ್ಪ" ಎಂದೆ. ಅವರು ಹಾಳೆ ಮಡಚಿದರು.

ಹುಣ್ಣಿಮೆ ಕಳೆದು ಹತ್ತು ದಿನಕ್ಕೆ ಪೋಸ್ಟ್‌ಮ್ಯಾನ್ ಬಂದರು. ಈ ಸಲ ಕಾರ್ಡಲ್ಲ, ನೀಲಿ ಇನ್‌ಲ್ಯಾಂಡ್ ಲೆಟರ್. ಅಂಚಿಗೆಲ್ಲ ಅನ್ನ ಹಚ್ಚಿ ಗಟ್ಟಿಯಾಗಿ ಅಂಟಿಸಿತ್ತು. ದುಂಡು ಅಕ್ಷರ ಮೊದಲಿಗಿಂತ ಸ್ಫುಟವಾಗಿತ್ತು. ಚಿಕ್ಕಪ್ಪ ಸ್ಕೇಲಿನಿಂದ ನಿಧಾನವಾಗಿ ಬಿಡಿಸಿ ಓದಿದರು. ಓದಿ, ನನ್ನ ಕೈಗೆ ಕೊಟ್ಟರು.

"ಚಿರಂಜೀವಿ ತಮ್ಮನಿಗೆ ನಿನ್ನ ಅಕ್ಕನ ಆಶೀರ್ವಾದಗಳು. ಎರಡೂ ಕಣ್ಣಿನ ಪೊರೆ ತೆಗೆಸಿದ್ದರಿಂದ ಕೆಲವು ಕಾಲ ಏನೂ ಓದಬಾರದೆಂದು ಡಾಕ್ಟರು ಹೇಳಿದ್ದರು. ಈಗ ಎಲ್ಲಾ ಸಂಚಿಕೆಗಳನ್ನೂ ಒಟ್ಟಿಗೆ ಓದಿದೆನು. ಹಿಂದಿನದರಲ್ಲಿ ಆರು ತಪ್ಪುಗಳಿವೆ. ಅವನ್ನು ಎದುರಿಗೇ ಹೇಳುತ್ತೇನೆ. ಈ ಬಾರಿಯದರಲ್ಲಿ ಒಂದೇ ತಪ್ಪು. ಲಗ್ನಪತ್ರಿಕೆಯ ಪ್ರೂಫನ್ನು ಯಾರಿಗೂ ತೋರಿಸಲಿಲ್ಲ ಎಂದು ಬರೆದಿದ್ದೀಯೆ. ಸೋಸಲೆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಓದಕ್ಕ ಎಂದು ನನ್ನ ಕೈಗೇ ಕೊಟ್ಟೆ. ಆಗ ನನಗೆ ಕನ್ನಡಕವಿರಲಿಲ್ಲ. ಒಂದು ಅಕ್ಷರವೂ ಕಾಣಲಿಲ್ಲ. ಬಸ್ಸಿನ ತುಂಬ ಜನ ನೋಡುತ್ತಿದ್ದರು. ನಾಚಿಕೆಯಾಗಿ, ಎಲ್ಲಾ ಸರಿಯಾಗಿದೆ ಎಂದು ವಾಪಸ್ಸು ಕೊಟ್ಟೆನು. ಇಷ್ಟು ವರ್ಷ ನೀನು ಈ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ತಪ್ಪು ನಿನ್ನೊಬ್ಬನದಲ್ಲ. ತಿದ್ದಿಕೊಳ್ಳತಕ್ಕದ್ದು. ನಾನು ಮನೆಯಲ್ಲಿಯೇ ಇರುತ್ತೇನೆ. ಹುರುಳಿ ನೆನೆಹಾಕಿದ್ದೇನೆ."

ಐದು ತಪ್ಪು ನಮ್ಮದು ಸರಿ, ಆರನೆಯದು ಯಾವುದು ಎಂದು ಹಿಂದಿನ ಸಂಚಿಕೆ ತೆಗೆದು ನೋಡಿದೆ. ಬುಧವಾರದ ಹುಣ್ಣಿಮೆಯನ್ನು ಮಂಗಳವಾರ ಎಂದು ಹೊಡೆದಿದ್ದೆ. ಅದು ನನ್ನದೇ! ನಗಬೇಕೆಂದರೆ ಕಣ್ಣು ಮಂಜಾಗಿ ಅಕ್ಷರ ಕಾಣಿಸುತ್ತಿರಲಿಲ್ಲ.

"ಅತ್ತೆಗೆ ಕಾಣ್ತಿರಲಿಲ್ಲ ಅಂತ ನಿಮಗೆ ಗೊತ್ತಿತ್ತಾ ಚಿಕ್ಕಪ್ಪ?"

"ಊಂ. ಕೈಗೆ ಕೊಟ್ಟಾಗ್ಲೇ ಗೊತ್ತಾಯ್ತು. ಅಷ್ಟ್ ಜನ್ರ ಮುಂದೆ ಅಕ್ಕನ್ ಕೈಲಿ ಕಣ್ ಕಾಣಕಿಲ್ಲ ಅನ್ನುಸ್ಬೇಕಿತ್ತಾ?"

ಅಷ್ಟು ಹೇಳಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು. ಹೊರಗೆ ನರಸೀಪುರದ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಟ್ಟುತ್ತಿತ್ತು.

"ಇದನ್ನ ತಿದ್ದುಪಡೀಲಿ ಹಾಕ್ಬೇಕಲ್ವಾ? ಕೊಟ್ಟು ಹೋಗಿ" ಎಂದೆ.

"ಬ್ಯಾಡ ಕಣಮ್ಮಿ. ಇದು ಸಂಪಾದಕ್ರಿಗೆ ಬಂದದ್ದಲ್ಲ. ನಂಗೆ ಬಂದದ್ದು."

"ಮತ್ತೆ ಆ ಜಾಗಕ್ಕೆ ಯಾವ ಸುದ್ದಿ ಹತ್ತಿಸಲಿ? ಖಾಲಿ ಉಳಿಯುತ್ತಲ್ಲ."

ಒಂದು ಬೆರಳಿನಷ್ಟು ಜಾಗವನ್ನೂ ಎಂದೂ ಖಾಲಿ ಬಿಡದ ನಮ್ಮ ಚಿಕ್ಕಪ್ಪ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವರು, ತಿರುಗಿ ನೋಡಿದರು.

"ಕಾಲಿ ಇರ್ಲಿ ಬುಡು" ಎಂದರು. "ಅಕ್ಕ ಕೂತ್ಕತಾಳೆ."